ಕಾವಿ ಬಣ್ಣದ ಗಾದಿ

ಸಾರಿನಲ್ಲಿ ಉಪ್ಪಿರಲಿಲ್ಲ. ಮೊದಲ ತುತ್ತಿಗೇ ಜಯತೀರ್ಥನಿಗೆ ಗೊತ್ತಾಯಿತು. ಬೇರೆ ಭಾನುವಾರವಾಗಿದ್ದರೆ ಶಹಾಬಜಾರದ ಆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಇವತ್ತು ಮಾತ್ರ ಅವನು ಕಣ್ಣು ಮುಚ್ಚಿ, ಒಂದು ಉಸಿರು ಎಳೆದು, ಒಂದು ಉಸಿರು ಬಿಟ್ಟು, "ಸಾರು ಛಲೋ ಆಗೇದ" ಎಂದ.

ಬಡಿಸುತ್ತಿದ್ದ ತುಂಗಾಬಾಯಿಯ ಕೈಯಿಂದ ಸೌಟು ಜಾರಿ ಬಿತ್ತು. ಜಯತೀರ್ಥ ಅದಕ್ಕೂ ಬೈಯಲಿಲ್ಲ. ತಾನೇ ಎತ್ತಿಕೊಟ್ಟ.

ಪಾಪ, ಅವನ ಕಷ್ಟ ಅವನಿಗೇ ಗೊತ್ತು. ಹದಿನೈದು ದಿನದ ಹಿಂದೆ ಮಗಳು ಪ್ರೇರಣಾ ಅವನ ಮಡಿ ಪಂಚೆಯನ್ನು ತನ್ನ ಕೆಂಪು ಚೂಡಿದಾರದ ಜೊತೆ ವಾಷಿಂಗ್ ಮಷೀನಿಗೆ ಹಾಕಿದ್ದಳು. ಪಂಚೆ ಗುಲಾಬಿ ಬಣ್ಣಕ್ಕೆ ತಿರುಗಿ ಹೊರಬಂತು. ಜಯತೀರ್ಥ ಎಗರಾಡಿದ ರಭಸಕ್ಕೆ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಮಗಳು ಬ್ಯಾಗು ತುಂಬಿಕೊಂಡು ಕಮಲಾಪುರದ ಸೋದರಮಾವ ಪವಮಾನನ ಮನೆಗೆ ಹೊರಟೇಬಿಟ್ಟಳು. "ಸಿಟ್ಟು ಇಳದ ಮ್ಯಾಲೆ ಫೋನ್ ಮಾಡಪಾ" ಅಂದವಳು ಆಮೇಲೆ ಇವನ ಫೋನನ್ನೇ ಎತ್ತಿರಲಿಲ್ಲ. ಮಗಳಿಲ್ಲದ ಮನೆ ಅವನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಯಾರೂ ಇಲ್ಲದಾಗ ಅವಳ ಖಾಲಿ ಕೋಣೆಯಲ್ಲಿ ಫ್ಯಾನ್ ಹಾಕಿ ಕೂತು ಬರುತ್ತಿದ್ದ.

ಸಿಟ್ಟು ಇಳಿಸುವ ದಾರಿ ಹುಡುಕುವಾಗಲೇ ಮೊಬೈಲಿನಲ್ಲಿ ಬುದ್ಧ ಸಿಕ್ಕಿದ್ದು. ಅಲ್ಲಿಯವರೆಗೆ ಅವನಿಗೆ ಬುದ್ಧ ಗೊತ್ತಿದ್ದದ್ದು ಶಾಲೆಯ ಪಾಠದಷ್ಟೇ: ಅರಮನೆ ಬಿಟ್ಟ, ಮರದ ಕೆಳಗೆ ಕೂತ, ಪರೀಕ್ಷೆಯಲ್ಲಿ ಐದು ಅಂಕ. ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾಲ್ಕು ಮಾತು ಕೇಳಿದ. ಸೇಡಂ ರಸ್ತೆಯ ಬುದ್ಧ ವಿಹಾರದಲ್ಲಿ ಹೊಸಬರಿಗೆ ಪಾಠ ಇದೆ ಎಂದು ತಿಳಿಯಿತು. ಆಚಾರ್ಯರ ವಂಶದ ತಾನು ವಿಹಾರಕ್ಕೆ ಹೊರಟಿದ್ದೇನೆ ಎಂದರೆ ಹೆಂಡತಿ ಏನೆಂದುಕೊಳ್ಳುತ್ತಾಳೋ ಎಂಬ ಅಳುಕಿಗೆ ಬಾಯಿ ಬಿಡಲಿಲ್ಲ.

ಊಟ ಮುಗಿಸಿ ಆ ಗುಲಾಬಿ ಪಂಚೆಯನ್ನೇ ಉಟ್ಟ. ಮಗಳ ಮೇಲಿನ ಸಿಟ್ಟನ್ನು ಹಾಗಾದರೂ ಮೈಮೇಲೆ ಹೊತ್ತು ತೀರಿಸೋಣ ಅನ್ನಿಸಿತ್ತು. ಧ್ಯಾನಕ್ಕೆ ಕೂರಲೆಂದು ಗುಟ್ಟಾಗಿ ಹೊಲಿಸಿ ಚೀಲದಲ್ಲಿ ಸುತ್ತಿಟ್ಟಿದ್ದ ಸಣ್ಣ ದುಂಡು ಗಾದಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹೆಂಡತಿಗೆ ಹೇಳದೆ ಮನೆ ಬಿಟ್ಟ.

ವಿಹಾರದಲ್ಲಿ ಹತ್ತು ಹನ್ನೆರಡು ಮಂದಿ ಹೊಸಬರಿದ್ದರು. ಪಾಠ ಹೇಳುವ ಭಿಕ್ಷು, ಎಲ್ಲರ ಬಾಯಲ್ಲಿ ಭಂತೇಜಿ, ನಗುಮುಖದ ಮನುಷ್ಯ. ಜಯತೀರ್ಥ ಎದ್ದು ನಿಂತು, "ಸಿಟ್ಟು ಬಿಡೋದು ಹೆಂಗ್ರಿ?" ಎಂದು ಕೇಳಿದ.

"ಬಿಡಾಕ ಹೋಗಬ್ಯಾಡ್ರಿ. ಬಂದಾಗ, ಇದು ಸಿಟ್ಟು ಅಂತ ಗುರುತು ಹಿಡೀರಿ, ಸಾಕು. ಈಗ ಉಸಿರು ನೋಡ್ಕೋತ ಸುಮ್ಮನ ಕೂಡ್ರಿ."

ಗಾದಿಯ ಮೇಲೆ ಕೂತು ಕಣ್ಣು ಮುಚ್ಚಿದ. ಮೊದಲು ಮೊಣಕಾಲು ನೋವು ಬಂತು. ಆಮೇಲೆ ಉಪ್ಪಿಲ್ಲದ ಸಾರು ಬಂತು. ಆಮೇಲೆ, ದೇವರಾಣೆ, ಎರಡು ಮೂರು ಉಸಿರಿನಷ್ಟು ಹೊತ್ತು ಏನೂ ಬರಲಿಲ್ಲ. ಅಂಥ ಸುಖ ಅವನು ಕಂಡಿರಲಿಲ್ಲ.

ಗಂಟೆ ಬಾರಿಸಿದಾಗ ಕಣ್ಣು ಬಿಟ್ಟು ತಿರುಗಿದರೆ, ಹಿಂದಿನ ಸಾಲಿನಲ್ಲಿ ತುಂಗಾಬಾಯಿ ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಎದುರುಮನೆಯ ಗಾದಿ ಅಂಗಡಿಯ ಖಮರುದ್ದೀನ್, ಟೋಪಿ ಸರಿಮಾಡಿಕೊಳ್ಳುತ್ತ ಅಪರಾಧಿಯಂತೆ ನೋಡುತ್ತಿದ್ದ.

ಹೊರಗೆ ಬಂದದ್ದೇ ಹೆಂಡತಿ ಕಣ್ಣೀರು ಸುರಿಸಿದಳು. "ನಾ ಏನು ತಪ್ಪು ಮಾಡೀನಿ ಅಂತ ಸನ್ಯಾಸ ತಗೋಳಾಕತ್ತೀರಿ?"

"ಸನ್ಯಾಸ? ಯಾರು?"

"ಮತ್ತ ಕಾವಿ ಗಾದಿ ಯಾಕ ಹೊಲಿಸೀರಿ? ಮನ್ಯಾಗ ಹೇಳಬ್ಯಾಡ ಅಂತ ಇವರಿಗೆ ಯಾಕ ಹೇಳೀರಿ? ಬುದ್ಧನೂ ಹೆಂಡತಿಗೆ ಹೇಳಲಾರದನ ಹೋಗ್ಯಾನ್ರಿ!"

ಖಮರುದ್ದೀನ್ ಕೈಮುಗಿದ. "ಅರೆ ಆಚಾರ್ರ, ನೀವು ಯಾವ ಬಣ್ಣಾದ್ರೂ ನಡೀತದ ಅಂದ್ರಿ. ಮಠದವರ ಗಾದಿ ಹೊಲಿದಿದ್ದ ಬಟ್ಟೆ ತುಕಡಾ ಉಳಿದಿತ್ತು, ಹಾಕಿದೆ. ಭಾಬಿ ಅಳಕೋತ ಬಂದು, ಗಾದಿ ಹಿಡ್ಕೊಂಡು ಎಲ್ಲಿ ಹೋದ್ರು ಅಂತ ಕೇಳಿದ್ರು. ಝೂಟ್ ಹೆಂಗ ಹೇಳ್ಲಿ?"

ಜಯತೀರ್ಥ ಗುಲಾಬಿ ಪಂಚೆ ಸರಿಮಾಡಿಕೊಂಡು, ಶಾಂತವಾಗಿ ಬಿಡಿಸಿ ಹೇಳಿದ. ಅವನು ಶಾಂತನಾದಷ್ಟೂ ಅವಳ ಅಳು ಜೋರಾಯಿತು. "ನೋಡ್ರಿ ಅಣ್ಣಾರ, ಸಿಟ್ಟೇ ಬರವಲ್ದು! ಮನಸ್ಸು ಆಗಲೇ ಸಂಸಾರ ಬಿಟ್ಟದ. ಮಗಳ ಮಾರಿ ನೋಡಿದ್ರರ ತಿರುಗೀತು. ನಡೀರಿ ಕಮಲಾಪುರಕ್ಕ!"

ಮಗಳ ಮುಖ ಎಂದ ಕೂಡಲೇ ಜಯತೀರ್ಥ ಖಮರುದ್ದೀನನ ಸಾಮಾನು ಸಾಗಿಸುವ ಮೂರು ಗಾಲಿಯ ಟಂಟಂ ಹತ್ತಿದ. ಹಿಂದೆ ಗಿರಾಕಿಗೆ ಒಯ್ಯಬೇಕಿದ್ದ ಎರಡು ಗಾದಿಗಳಿದ್ದವು. ಗಂಡ ಹೆಂಡತಿ ಅವುಗಳ ಮೇಲೆ ಮೆರವಣಿಗೆ ಹೊರಟವರಂತೆ ಕೂತರು. ಗುಂಡಿ ಬಂದಾಗಲೆಲ್ಲ ಇಬ್ಬರೂ ಒಂದೊಂದು ಗೇಣು ಮೇಲೆ ಹಾರಿ ಕೂರುತ್ತಿದ್ದರು. ಅವನು ಉಸಿರು ನೋಡುತ್ತ ಸುಮ್ಮನಿದ್ದ. ಅಷ್ಟು ದೂರ ಒಮ್ಮೆಯೂ ಗೊಣಗದ ಗಂಡನನ್ನು ನೋಡಿ ತುಂಗಾಬಾಯಿಯ ಎದೆ ಇನ್ನಷ್ಟು ಕುಸಿಯಿತು.

ಕಮಲಾಪುರದಲ್ಲಿ ಫೋನಿನ ಸುದ್ದಿ ಇವರಿಗಿಂತ ಮೊದಲೇ ತಲುಪಿತ್ತು. ಪವಮಾನ ಕೆಂಪು ಬಾಳೆಹಣ್ಣಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ಸನ್ಯಾಸಿಗೆ ಭಿಕ್ಷೆ ನೀಡಬೇಕೋ, ಭಾವನಿಗೆ ಫಲಾಹಾರ ಕೊಡಬೇಕೋ ಅವನಿಗೆ ತಿಳಿಯದಾಗಿತ್ತು. ಪ್ರೇರಣಾ ಓಡಿ ಬಂದಳು. ಅಪ್ಪನ ಗುಲಾಬಿ ಪಂಚೆ ನೋಡಿದ್ದೇ ಅದರ ಅಂಚು ಹಿಡಿದುಕೊಂಡಳು.

"ಅಪ್ಪಾ, ನಂದ ತಪ್ಪು. ಇನ್ನ ಮಷೀನಿಗೆ ಪಂಚೆ ಹಾಕಂಗಿಲ್ಲ. ನೀ ಎಲ್ಲೂ ಹೋಗಬ್ಯಾಡ."

"ನಾ ಎಲ್ಲೂ ಹೋಗಂಗಿಲ್ಲವಾ. ನಿನ್ನ ಮ್ಯಾಲೆ ನಂಗ ಸಿಟ್ಟೂ ಇಲ್ಲ."

"ಹಂಗ ಮಾತಾಡಬ್ಯಾಡಪಾ, ಅಂಜಿಕಿ ಬರ್ತದ! ಒಮ್ಮೆ ಬೈಯಿ."

"ಬೈಯ್ರಿ ಭಾವ," ಪವಮಾನ ಕೈಮುಗಿದ. "ಸಣ್ಣಾಗಿ ಒಂದರ ಬೈಯ್ರಿ."

"ಎಲ್ಲಾರೂ ಉಸಿರು ನೋಡ್ರಿ," ಎಂದ ಜಯತೀರ್ಥ.

ತುಂಗಾಬಾಯಿ ಹಣೆ ಹಣೆ ಬಡಿದುಕೊಂಡಳು. "ನಾ ಮುಂಜಾನೆನ ತಿಳ್ಕೊಂಡೆ! ನಾಕು ದಿನದಿಂದ ಬೈದಿಲ್ಲ ಅಂತ ಪರೀಕ್ಷೆ ಮಾಡಾಕ ಸಾರಿಗೆ ಬೇಕಂತನ ಉಪ್ಪು ಹಾಕಿದ್ದಿಲ್ಲ. ಅದನ್ನೂ ಛಲೋ ಆಗೇದ ಅಂದ್ರು!"

ಜಯತೀರ್ಥ ನಿಧಾನಕ್ಕೆ ಹೆಂಡತಿಯ ಕಡೆ ತಿರುಗಿದ. "ಬೇಕಂತನ?"

ಇದು ಸಿಟ್ಟು, ಎಂದು ಅವನು ಸರಿಯಾಗಿಯೇ ಗುರುತು ಹಿಡಿದ. ಗುರುತು ಸಿಕ್ಕ ಖುಷಿಗೋ ಏನೋ, ಅದು ಬಾಯಿಂದಲೇ ಹೊರಬಿತ್ತು. "ಬೇಕಂತನ ಉಪ್ಪು ಹಾಕಿಲ್ಲ? ಎರಡು ಸಲ ಹಾಕ್ಕೊಂಡು ಉಂಡೀನಿ! ತಲಿ ನೆಟ್ಟಗದ ಏನು ನಿಮಗೆಲ್ಲಾ?" ಕಮಲಾಪುರದ ಆ ಓಣಿಯ ಬಾಗಿಲುಗಳೂ ಒಂದೊಂದಾಗಿ ತೆರೆದವು.

ಮನೆಯವರ ಮುಖವೆಲ್ಲ ಅರಳಿತು. ಪ್ರೇರಣಾ ಅಪ್ಪನನ್ನು ತಬ್ಬಿಕೊಂಡು ಅತ್ತಳು, ಬ್ಯಾಗು ತಂದು ಟಂಟಂಗೆ ಹಾಕಿದಳು. ಸಿಟ್ಟು ಇಳಿಸಿ ಮಗಳನ್ನು ಕರೆತರಲು ಹೊರಟವನು ಸಿಟ್ಟಿನಿಂದಲೇ ಕರೆತಂದ. ಮಗಳು ಬಂದಳಲ್ಲ ಎಂದು ಅವನ ಎದೆ ತುಂಬಿತ್ತು. ಆದರೂ ಆ ಎರಡು ಮೂರು ಉಸಿರಿನ ಸುಖ ನೆನಪಾಗಿ, ಮುಂದಿನ ಭಾನುವಾರ ಮತ್ತೆ ಹೋಗಲೇಬೇಕು ಎಂದುಕೊಂಡ.

ಮುಂದಿನ ಭಾನುವಾರ ಗಾದಿ ಇಟ್ಟ ಜಾಗದಲ್ಲಿ ಇರಲಿಲ್ಲ. ಹೊಸ್ತಿಲಲ್ಲಿ ತುಂಗಾಬಾಯಿ ಚಪ್ಪಲಿ ಮೆಟ್ಟುತ್ತಿದ್ದಳು. ಗಾದಿ ಅವಳ ಕಂಕುಳಲ್ಲಿತ್ತು.

"ಅವತ್ತ ನಿಮ್ಮನ್ನ ಕಾಯಕೋತ ಕಣ್ಣು ಮುಚ್ಚಿ ಕೂತಾಗ ಮನಸ್ಸು ಎಷ್ಟು ಹಗುರಾತು ಅಂತೀರಿ! ಹೋಗಿ ಬರ್ತೀನ್ರಿ."

"ತಡಿ, ನಾನೂ ಬರ್ತೀನಿ."

"ಬ್ಯಾಡ್ರಿ. ನೀವು ಸಮಾಧಾನ ಆದ್ರ ಪ್ರೇರಣಾ ಅಂಜತಾಳ. ಹಾಂ, ಸಾರು ಒಂದು ಮಾಡಿಡ್ರಿ."

ಅವನು ಬೇಳೆಗೆ ಬೈದ, ಒಲೆಗೆ ಬೈದ, ಹುಣಸೆಹಣ್ಣಿಗೆ ಬೈದ, ಅಂತೂ ಸಾರು ಮಾಡಿದ. ಸಂಜೆ ಬಂದ ತುಂಗಾಬಾಯಿ ಊಟಕ್ಕೆ ಕೂತಳು. ಒಂದು ತುತ್ತು ಉಂಡು, ಕಣ್ಣು ಮುಚ್ಚಿ, ಉಸಿರೆಳೆದು, ಉಸಿರು ಬಿಟ್ಟು, ಮೆಲ್ಲಗೆ ನಕ್ಕಳು.

"ಸಾರು ಛಲೋ ಆಗೇದ್ರಿ."

ಮದುವೆಯಾದ ಮೇಲೆ ಆಕೆ ಅವನ ಯಾವ ಕೆಲಸವನ್ನೂ ಛಲೋ ಅಂದವಳಲ್ಲ. ಜಯತೀರ್ಥ ಅನುಮಾನದಿಂದ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಉಪ್ಪು ಮರೆತಿದ್ದ.

ಮರುಕ್ಷಣ ಅವನು ಬರಿಗಾಲಲ್ಲಿ ಓಣಿ ದಾಟಿ ಎದುರುಮನೆಯ ಬಾಗಿಲು ಬಡಿಯುತ್ತಿದ್ದ. "ಖಮರುದ್ದೀನ್! ಏ ಖಮರುದ್ದೀನ್! ಟಂಟಂ ತೆಗಿಯಪಾ!"