ಟವಲ್ಲಿನ ಕೆಳಗೆ ಫ್ರೆಂಚ್

ನನ್ನನ್ನು ಯಾರಾದರೂ ಸಲಹೆ ಕೇಳಿದರೆ ಕೊಡುತ್ತೇನೆ. ಕೇಳದಿದ್ದರೆ ಒಸಿ ಜಾಸ್ತಿಯೇ ಕೊಡುತ್ತೇನೆ. ಮರಳವಾಡಿ ಕಡೆ ಎತ್ತಿನ ದಲ್ಲಾಳಿಯಾಗಿ ಶುರು ಮಾಡಿ, ಚನ್ನಪಟ್ಟಣದ ಬೊಂಬೆಯವರಿಗೆ ಮರ ಒದಗಿಸುವ ಸ್ವಂತ ಮಳಿಗೆ ಇಟ್ಟವನು ನಾನು. ಸಲಹೆ ಕೊಡಲು ಇಷ್ಟು ಅರ್ಹತೆ ಸಾಲದೆ? ಆದರೆ ಒಂದು ಗುಟ್ಟು ಹೇಳಿಬಿಡುತ್ತೇನೆ. ಈ ಜನ್ಮದಲ್ಲಿ ನಾನು ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡವನಲ್ಲ. ಎತ್ತಿನ ವ್ಯಾಪಾರಕ್ಕೆ ಮಾತೇ ಬೇಡ ನೋಡಿ. ಹೆಗಲ ಮೇಲಿನ ಟವಲನ್ನು ಇಬ್ಬರ ಕೈ ಮುಚ್ಚುವಂತೆ ಹಾಕಿ, ಒಳಗೆ ಬೆರಳು ಹಿಡಿಯುವುದು. ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು. ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ, ಅವರು ಕೇಳಲೂ ಕೂಡದು. ಟವಲ್ಲಿನ ಕೆಳಗೆ ನಡೆದದ್ದನ್ನು ಕೇಳುವ ಮೂರನೆಯವನಷ್ಟು ಮಾನಗೆಟ್ಟವನು ಇಲ್ಲ.

ಇಂಥ ನನ್ನ ಮಗಳು ಭವ್ಯ, ಡಿಗ್ರಿ ಮುಗಿಸಿದವಳೇ, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಫ್ರೆಂಚ್ ಕಲಿಯುತ್ತೇನೆ ಎಂದಳು. ನಮ್ಮ ಸುತ್ತಮುತ್ತ ಹೊಲಗಳೆಲ್ಲ ಕಾರ್ಖಾನೆಯಾಗುತ್ತಿದ್ದ ಕಾಲ. ಇಂಗ್ಲಿಷ್ ಜೊತೆ ಫ್ರೆಂಚೂ ಬಂದರೆ ಕೆಲಸ ಗ್ಯಾರಂಟಿ ಅಂತ ಅವಳ ವಾದ. ಸರಿ, ಕಳಿಸಿದೆ. ಎರಡು ವರ್ಷವಾದ ಮೇಲೂ ಹುಡುಗಿ ಕ್ಯಾಸೆಟ್ ಹಾಕಿಕೊಂಡು ಸುಮ್ಮನೆ ಕೂತಿದ್ದಾಳೆ! ಬಾಯೇ ಬಿಡುತ್ತಿಲ್ಲ. "ಏನವ್ವ, ಒಂದು ಮಾತೂ ಆಡಲ್ಲ?" ಅಂದೆ. "ಇದು ಮಾತಾಡೋದಲ್ಲಪ್ಪ, ಕೇಳಿ ಅರ್ಥ ಮಾಡ್ಕೊಳೋದು. ಇದಕ್ಕೇ ಬೇರೆ ಪರೀಕ್ಷೆ ಐತೆ. ಫ್ರೆಂಚ್‌ನಲ್ಲಿ ಕೇಳಿ ಇಂಗ್ಲಿಷಲ್ಲಿ ಬರೀಬೇಕು" ಅಂದಳು. ಕೇಳಿಸಿಕೊಳ್ಳುವುದಕ್ಕೆ ಫೀಸು ಕಟ್ಟುವುದುಂಟೆ? "ಕಿವಿ ನಂಬಬ್ಯಾಡ ಮಗಳೇ, ಮುಖ ನೋಡು. ಎತ್ತು ಕೊಳ್ಳೋನ ಮುಖ ನೋಡಿದ್ರೆ ಸಾಕು" ಅಂತ ತಿಳಿಹೇಳಿದೆ. ಒಳಗಿನಿಂದ ನನ್ನವಳು, "ನಿಮಗೆ ಕನ್ನಡದಲ್ಲಿ ಉಪ್ಪು ತನ್ನಿ ಅಂದ್ರೆ ಸೋಪು ತತ್ತೀರಿ, ಅವಳಿಗೆ ಫ್ರೆಂಚ್ ಹೇಳ್ಕೊಡ್ತೀರಾ?" ಎಂದಳು. ಅದನ್ನೂ ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಹಾರೋಹಳ್ಳಿ ಕಡೆಯ ಹೊಸ ಫ್ರೆಂಚ್ ಕಾರ್ಖಾನೆಯೊಂದರಿಂದ ಇಂಟರ್‌ವ್ಯೂಗೆ ಕರೆ ಬಂತು. ನಾನೂ ಖಡಕ್ಕಾಗಿ ಹೇಳಿಬಿಟ್ಟಿದ್ದೆ: "ಇದೂ ಆಗ್ಲಿಲ್ಲ ಅಂದ್ರೆ ಮಾಗಡಿ ಕೊಬ್ಬರಿ ಮಂಡಿಯವರ ಹುಡುಗನಿಗೆ ಹೂಂ ಅಂತೀನಿ." ಮಗಳು ಅವತ್ತು ತಿಂಡಿ ತಿನ್ನಲಿಲ್ಲ.

ಎರಡು ಬಸ್ಸು ಬದಲಾಯಿಸಿ ಹೋದೆವು. ಅವಳು ಒಳಗೆ ಕ್ಯಾಸೆಟ್ ಕೇಳಿ, ಬರೆದುಕೊಟ್ಟು, ಹೊರಗೆ ನನ್ನ ಪಕ್ಕ ಬಂದು ಕೂತಳು. ಆಮೇಲೆ ಗಡ್ಡದ ಸಾಹೇಬನೊಬ್ಬ, ಕನ್ನಡಕದ ಮೇಡಮ್ ಒಬ್ಬರು ಅವಳು ಬರೆದ ಹಾಳೆ ಹಿಡಿದು ಬಾಗಿಲಲ್ಲೇ ನಿಂತು ತಮ್ಮ ಭಾಷೆಯಲ್ಲಿ ಶುರು ಮಾಡಿದರು. ನಾನು ಮುಖ ಓದಿದೆ. ಸಾಹೇಬ ತುಟಿ ಉಬ್ಬಿಸಿ 'ಪುಫ್' ಅಂದ. ಮೇಡಮ್ ಭುಜ ಕುಣಿಸಿ ತಲೆ ಆಡಿಸಿದರು. ಮಗಳು ತಲೆ ತಗ್ಗಿಸಿಬಿಟ್ಟಳು. ಹಲ್ಲು ನೋಡಿ ಎತ್ತು ಬೇಡ ಅನ್ನುವವರ ಮುಖ ನನಗೆ ಗೊತ್ತಿಲ್ಲವೆ? ವ್ಯವಹಾರ ಮುರಿಯುತ್ತಿದೆ! ಇಂಥ ಹೊತ್ತಲ್ಲಿ ದಲ್ಲಾಳಿ ಮಾಡುವುದು ಒಂದೇ ಕೆಲಸ. ಧಡಕ್ಕನೆ ಎದ್ದೆ, ಸಾಹೇಬನ ಕೈ ಹಿಡಿದೆ, ಮೇಲೆ ಟವಲ್ ಹಾಕಿದೆ, ಒಳಗೆ ಮೂರು ಬೆರಳು ಒತ್ತಿದೆ. ಮೂರು ಸಾವಿರ, ಅವರು ಜಾಹೀರಾತಿನಲ್ಲಿ ಹಾಕಿದ್ದ ಸಂಬಳದಲ್ಲಿ ನೇರ ಅರ್ಧ.

ಸಾಹೇಬ ಬಿಳಿಚಿಕೊಂಡ. ಮೇಡಮ್ ಕೈಯಿಂದ ಹಾಳೆ ಬಿತ್ತು. ಸೆಕ್ಯೂರಿಟಿಯವನು ಓಡಿಬಂದ. "ಅಪ್ಪಾ! ಏನಪ್ಪ ಮಾಡ್ತಿದ್ದೀಯ!" ಅಂತ ಮಗಳು ಕಿರುಚಿದಳು.

"ಬ್ಯಾಡ ಅಂತಾವ್ರೆ ಕಣವ್ವ, ಅರ್ಧಕ್ಕೆ ಒಪ್ಪಿಸ್ತಿದೀನಿ!"

"ಬೇಡ ಅನ್ನಲಿಲ್ಲ! ಈ ಹುಡುಗಿ ಇಷ್ಟು ಚೆನ್ನಾಗಿ ಬರೆದವಳೆ, ನಾವು ಕೊಡೋ ಸಂಬಳ ಕಮ್ಮಿ ಆಯ್ತು, ಬೆಂಗಳೂರಿನೋರು ಎತ್ಕೊಂಡು ಹೋಗ್ತಾರೆ ಅಂತ ಪೇಚಾಡ್ತಿದ್ರು. ನಾನು ನಗು ತಡೀಲಾರದೆ ತಲೆ ಬಗ್ಗಿಸಿದ್ದೆ!"

ಮೂರು ಮುಖ ಓದಿದ್ದೆ, ಮೂರೂ ತಪ್ಪು. ಅದರಲ್ಲಿ ಒಂದು ನಾನೇ ಎತ್ತಿ ಆಡಿಸಿದ್ದು.

ಭವ್ಯ ಸಾಹೇಬನ ಕಡೆ ತಿರುಗಿ ಗಳಗಳ ಅಂತ ಫ್ರೆಂಚಿನಲ್ಲಿ ಏನೋ ಹೇಳಿದಳು. ನಡುನಡುವೆ ನನ್ನತ್ತ, ಟವಲ್ಲಿನತ್ತ ಕೈ ತೋರಿಸಿದಳು. ಇಬ್ಬರೂ ಅವಳ ಮಾತು ಮುಗಿಯುವತನಕ ಅಲುಗಾಡದೆ ಕೇಳಿಸಿಕೊಂಡರು. ಸಾಹೇಬನ ಗಡ್ಡದೊಳಗೆ ನಗು ಹೊರಟಿತು. ನನ್ನ ಕೈಯಿಂದ ಬಿಡಿಸಿಕೊಂಡು, ಟವಲ್ಲಿನ ಕೆಳಗೇ ಕೈ ಇಟ್ಟು, ಅವಳನ್ನು ನೋಡಿ ಹುಬ್ಬೆತ್ತಿದ. ನನ್ನ ಮಗಳು ಹಿಂದುಮುಂದು ನೋಡದೆ ಒಳಗೆ ಕೈ ಹಾಕಿದಳು. ಅವನು 'ಪುಫ್' ಅಂದ. ಅವಳು ಮಿಸುಕಲಿಲ್ಲ. ಕೊನೆಗೆ ಅವನು ಆಗಲಿ ಎಂಬಂತೆ ತಲೆ ಆಡಿಸಿದ. ಟವಲ್ ತೆಗೆದರು.

ಈಗ ಅವಳು ಅಲ್ಲೇ ಕೆಲಸದಲ್ಲಿದ್ದಾಳೆ. ಫ್ರೆಂಚ್ ಕಾಗದ ಬಂದರೆ ಇಂಗ್ಲಿಷಿಗೆ, ಇಂಗ್ಲಿಷಿನದು ಬಂದರೆ ಫ್ರೆಂಚಿಗೆ. ಮಾಗಡಿಯವರಿಗೆ ಬೇರೆ ಹೆಣ್ಣು ಸಿಕ್ಕಿತು. ಮಕ್ಕಳನ್ನು ಕರೆದುಕೊಂಡು ಸಲಹೆಗೆ ಬರುವವರಿಗೆ, "ಮೊದ್ಲು ಕೇಳಿಸ್ಕೊಳೋದು ಕಲೀರಿ" ಅಂತ, ಅವರು ಬಾಯಿ ತೆಗೆಯುವ ಮುಂಚೆಯೇ ಹೇಳುತ್ತೇನೆ.

ಎಲ್ಲರೂ ಕೇಳುವುದು ಒಂದೇ: "ಮಗಳಿಗೆ ಸಂಬಳ ಎಷ್ಟು ಯಜಮಾನ್ರೇ?" ನನಗೆ ಗೊತ್ತಿಲ್ಲ. ಒಮ್ಮೆ ತಡೆಯಲಾರದೆ ಮಗಳನ್ನು ಕೇಳಿಯೂ ಬಿಟ್ಟೆ. ಅವಳು ಗೂಟದ ಮೇಲಿದ್ದ ಟವಲನ್ನು ತಂದು ನನ್ನ ಹೆಗಲ ಮೇಲೆ ಹಾಕಿ ಹೋದಳು. ಅವತ್ತು ಮಾತ್ರ ಅವಳು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು.