ಸಾಧಕಿಗೆ ಹೊಲಿದ ರವಿಕೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮಹಿಳಾ ಟೈಲರ್‌ಗಳ ಮೊಬೈಲ್ ಗ್ರೂಪಿಗೆ ನಾನು ಅಡ್ಮಿನ್. ಗ್ರೂಪಿಗೆ ನಿಜವಾಗಿ ಉಪಕಾರ ಮಾಡಿದವರನ್ನು ಗುರುತಿಸಿ ಗೌರವಿಸಬೇಕೆಂಬ ಘನವಾದ ಆಲೋಚನೆ ನನಗೆ ಬಂತು. ಇಂಥ ಕೆಲಸಕ್ಕೆ ನನಗಿಂತ ಯೋಗ್ಯರಿಲ್ಲವೆಂದೂ ಅನ್ನಿಸಿತು.

ಅತಿ ಹೆಚ್ಚು ಮೆಸೇಜ್ ಹಾಕಿದವರಿಗೆ ಸನ್ಮಾನ ಎಂದು ಮೊದಲು ಪ್ರಕಟಿಸಿದೆ. ಮರುದಿನದಿಂದ ಗುಲಾಬಿ ಹೂ, ಶುಭೋದಯ, ‘ಊಟ ಆಯ್ತಾ’ ಬಿಟ್ಟು ಬೇರೇನೂ ಬರಲಿಲ್ಲ. ಮಾನದಂಡ ಬದಲಿಸಿದೆ. ನಿಮ್ಮ ಕಷ್ಟ ಬಿಡಿಸಿದ್ದು ಯಾರು ಎಂದು ಕೇಳಿದೆ. ಎಲ್ಲರೂ ಬೆಳಕವಾಡಿಯ ಸಾವಿತ್ರಿಯ ಹೆಸರು ಹೇಳಿದರು. ಯಾರು ಹೊಲಿದ ರವಿಕೆಯ ತೋಳು ಸುಕ್ಕಾಗಲಿ, ಕುತ್ತಿಗೆ ಜಾರಲಿ, ಬಟ್ಟೆ ಕತ್ತರಿಸಿ ತೋರಿಸಿ ವಿಡಿಯೊ ಕಳಿಸುತ್ತಿದ್ದವರು ಅವರೇ. ವಿಡಿಯೊದಲ್ಲಿ ಕೈ, ಕತ್ತರಿ ಕಂಡದ್ದು ಬಿಟ್ಟರೆ ಅವರನ್ನು ನಾನು ನೋಡಿರಲಿಲ್ಲ.

ಶಾಲು ಯಾರು ಬೇಕಾದರೂ ಹೊದಿಸುತ್ತಾರೆ. ನಾನು ರೇಷ್ಮೆ ರವಿಕೆ ಹೊಲಿಯಲು ಕೂತೆ.

“ಅಳತೆ ಕೇಳುದ್ಯಾ?” ಅಂದರು ಯಜಮಾನರು.

“ಕೇಳುದ್ರೆ ಗುಟ್ಟು ಒಡೆದೋಯ್ತದೆ ಕಣ್ರೀ. ಫೋಟೊ ನೋಡುದ್ರೆ ನಂಗೆ ಅಳತೆ ಗೊತ್ತಾಗಕಿಲ್ವಾ?”

“ಆಯ್ತು ಬುಡು,” ಎಂದು ಅವರು ಹಸುವಿಗೆ ಮೇವು ಹಾಕಲು ಹೋದರು.

ಸಾವಿತ್ರಿಯ ಪ್ರೊಫೈಲ್ ಫೋಟೊದಲ್ಲಿ ಮಲ್ಲಿಗೆ ಮುಡಿದ ತೆಳ್ಳನೆಯ ಹುಡುಗಿಯಿದ್ದಳು. ಆ ಮೈಕಟ್ಟಿಗೆ ಹೊಲಿದು ಮುಗಿಸಿದೆ.

ಮದ್ದೂರಿನ ನನ್ನ ಅಂಗಡಿಯಲ್ಲೇ ಸಮಾರಂಭ. ಎಲ್ಲರಿಗಿಂತ ಕೊನೆಗೆ ಸಾವಿತ್ರಿ ಬಂದರು. ತುಂಬಿದ ಮೈಯ, ನರೆಗೂದಲಿನ ಹಿರಿಯ ಹೆಂಗಸು. ನಾನು ರವಿಕೆಯ ಪೊಟ್ಟಣವನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಯಾರೋ ಅದನ್ನು ಕಿತ್ತು ಅವರ ಕೈಗಿತ್ತು, “ಆಕ್ಕೊಂಡ್ ಬನ್ನಿ ಅಕ್ಕ, ಫೋಟೊ ತಗ್ಯವ,” ಎಂದು ಪರದೆಯ ಹಿಂದೆ ಕಳಿಸಿಯೇಬಿಟ್ಟರು.

ಸ್ವಲ್ಪ ಹೊತ್ತಿಗೆ ಒಳಗಿಂದ ದನಿ ಬಂತು. “ಮೊಣಕೈ ದಾಟಾಕಿಲ್ಲ ಅಂತದೆ ಕಣಮ್ಮ. ಯಾರಳ್ತೆಗೆ ಒಲ್ದೆ ಇದ್ನ?”

“ನಿಮ್ ಫೋಟೊ ನೋಡಿ, ಅಕ್ಕ.”

“ಅದು ನನ್ ಮಗ್ಳು.”

ರವಿಕೆ ಕೈಯಿಂದ ಕೈಗೆ ಹೋಯಿತು. ಇದ್ದವರೆಲ್ಲ ಟೈಲರ್‌ಗಳು. ಒಬ್ಬಳು ಒಳಮಗ್ಗುಲು ತಿರುಗಿಸಿ, “ಬಿಚ್ಚಿ ಅಗಲ ಮಾಡವ ಅಂದ್ರೆ ಒಳಗೆ ಬಟ್ಟೇನೇ ಬುಟ್ಟಿಲ್ವಲ್ಲ,” ಅಂದಳು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಸಾವಿತ್ರಿ ನಗಲಿಲ್ಲ, ಬೈಯಲೂ ಇಲ್ಲ. ನನ್ನ ಮಿಷಿನ್ನಿನ ಮುಂದೆ ಕೂತು, ಉಳಿದಿದ್ದ ರೇಷ್ಮೆ ತುಂಡುಗಳನ್ನು ತರಿಸಿಕೊಂಡು, ಎಲ್ಲಿ ಬಿಚ್ಚಬೇಕು, ಎಷ್ಟು ಸೇರಿಸಬೇಕು ಎಂದು ಹೇಳಿಕೊಡುತ್ತಲೇ ಸರಿಮಾಡಿದರು. ಮಿಕ್ಕವರು ಸುತ್ತ ನಿಂತು ವಿಡಿಯೊ ತೆಗೆದರು. ನಾನು ಸನ್ಮಾನದ ಭಾಷಣಕ್ಕೆ ಎದ್ದು ನಿಂತೆ.

“ವಸಿ ಆ ಕಡೆ ಸರ್ಕೊ ಕಣಮ್ಮ, ಬೆಳಕಿಗೆ ಅಡ್ಡ ಆಯ್ತೀಯ,” ಅಂದರು ಸಾವಿತ್ರಿ.

ಸರಿದೆ.

ಗ್ರೂಪಿನಲ್ಲಿ ಇವತ್ತಿಗೂ ಅತಿ ಹೆಚ್ಚು ಜನರಿಗೆ ಉಪಯೋಗವಾಗಿರುವುದು ಆ ವಿಡಿಯೊ. ಕೆಳಗೆ ಒಂದು ಸಾಲು ಬರೆದಿದ್ದಾರೆ: ‘ಕೆಟ್ಟ ರವಿಕೆಯ ಕೊಡುಗೆ, ನಮ್ಮ ಅಡ್ಮಿನ್.’ ಗ್ರೂಪಿಗೆ ನನ್ನ ಕೊಡುಗೆಯನ್ನು ಯಾರಾದರೂ ಗುರುತಿಸಿದ್ದು ಅದೊಂದೇ ಸಲ.