ನಮ್ಮಜ್ಜಿ ಕಣ್ಣು ಹೊಡೆದಿದ್ದು

ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದು ಪಂಚರ್ ಅಂಗಡಿ ಸೇರಿದೋನು ನಾನು. ಆದ್ರೂ ಮನೇಲಿ ದೊಡ್ಡ ಫೋನು ಇರೋದು ನನ್ನತ್ರ ಮಾತ್ರ. ಹಂಗಾಗಿ ಯಾರಿಗೆ ನೆಗಡಿ ಬಂದರೂ ಡಾಕ್ಟರಿಗಿಂತ ಮೊದಲು ನನ್ನೇ ಹುಡುಕ್ತಾರೆ, ನಗೋದಕ್ಕೆ ಬರವೇ ಇಲ್ಲ. ಈ ಸಲ ಅಜ್ಜಿ ಸರದಿ. ಕಣ್ಣಿಗೆ ಪೊರೆ ಬಂದು, ಸಾರಿಗೆ ಸಕ್ಕರೆ ಹಾಕೋಕೆ ಶುರು ಮಾಡಿದ್ಲು.

೧. ಅಜ್ಜಿಗೆ ಸ್ಕ್ಯಾನು

ನಮ್ಮೂರು ಬಿ.ದುರ್ಗದಿಂದ ಬಸ್ ಹತ್ತಿಸ್ಕೊಂಡು ಚಿತ್ರದುರ್ಗದ ಒಂದು ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋದೆ. ಆಪರೇಷನ್ ಡಾಕ್ಟ್ರು ವಾರಕ್ಕೊಂದೇ ದಿನ ಬರೋದು. ಆ್ಯಪ್ ಇದ್ದೋರು ಮನೇಲಿ ಕಾಫಿ ಕುಡೀತಾನೇ ಟೋಕನ್ ತಗೊಂಡಿದ್ರು. ಕಂಬಕ್ಕೆ ಒರಗಿ ನಿಂತಿದ್ದೋರೆಲ್ಲ ಕೀಪ್ಯಾಡ್ ಫೋನಿನೋರು.

ಸಿಸ್ಟರು ಗೋಡೆ ಮೇಲಿನ ಕ್ಯೂಆರ್ ಕೋಡಿನ ಕಪ್ಪು ಚೌಕ ತೋರಿಸಿ, "ಅಜ್ಜಿ, ಮೊದ್ಲು ಸ್ಕ್ಯಾನ್ ಮಾಡಿಸ್ರಿ" ಅಂದ್ರು.

ಅಜ್ಜಿ ಸೆರಗು ಬಿಗಿ ಮಾಡ್ಕೊಂಡ್ಲು. "ಗಂಡ ಸತ್ತು ಯಾವ ಕಾಲ ಆತು ತಾಯಿ! ನನಗೆಂಥ ಸ್ಕ್ಯಾನು?"

ನಾನು ಸುಮ್ನಿರ್ತೀನಾ? "ಸಿಸ್ಟರ್, ಗಂಡೋ ಹೆಣ್ಣೋ ಮಾತ್ರ ಹೇಳಬ್ಯಾಡ್ರಿ, ಕೇಸಾಗ್ತೈತೆ" ಅಂದೆ.

೨. ಬೈಗುಳದ ಪಾಸ್‌ವರ್ಡು

ಆ್ಯಪ್ ಹಾಕ್ಕೊಂಡು ಅಜ್ಜಿ ಆಧಾರ್ ನಂಬರ್ ಹೊಡೆದೆ. ಓಟಿಪಿ ಹೋಗಿದ್ದು ನಮ್ಮೂರ ಹಾಲಿನ ಡೈರಿ ಸೆಕ್ರೆಟರಿ ಫೋನಿಗೆ! ಆಧಾರ್ ಮಾಡಿಸೋವಾಗ ಅಜ್ಜಿಗೆ ಫೋನೇ ಇರಲಿಲ್ಲ, ಅವನ ನಂಬರ್ ಕೊಟ್ಟಿದ್ಲು. ಫೋನ್ ಮಾಡಿದೆ.

"ಯಾರಿಗೂ ಹೇಳಬಾರ್ದು ಅಂತ ಇದರಾಗೇ ಬರ್ದೈತೆ. ನೀನು ಕಳ್ಳ ಅಲ್ಲ ಅಂತ ಏನಪ್ಪ ಗ್ಯಾರಂಟಿ?" ಅಂದ.

ಅಜ್ಜಿ ಫೋನ್ ಕಿತ್ಕೊಂಡ್ಲು. "ಲೇ ಮೂಳ, ನಿನ್ನ ತೊಟ್ಟಿಲು ತೂಗಿದೋಳು ಕಣೋ ನಾನು! ನಿನ್ನ ಡೈರಿ ಹಾಲೆಲ್ಲ ಒಡೆದೋಗ!"

"ಹ್ಞಾಂ, ಅಜ್ಜೀದೇ ಬಾಯಿ. ಬರ್ಕೊಳಪ್ಪ" ಅಂದ.

ಆದ್ರೆ ಬೈಗುಳ ಮುಗಿಯೋದ್ರೊಳಗೆ ಓಟಿಪಿ ಟೈಮೇ ಮುಗಿದಿತ್ತು.

೩. ಕಣ್ಣು ಹೊಡಿ

ಇನ್ನೊಂದು ಓಟಿಪಿ ಬರಲೇ ಇಲ್ಲ; ಉಳಿದಿದ್ದು ಆ್ಯಪಿಗೆ ಮುಖ ತೋರಿಸೋ ದಾರಿ. 'ಕಣ್ಣು ಮಿಟುಕಿಸಿ' ಅಂತ ಬಂತು. ನನ್ನ ಬಾಯಿ ನೆಟ್ಟಗಿರಬೇಕಲ್ಲ!

"ಅಜ್ಜಿ, ಫೋನಿಗೆ ಕಣ್ಣು ಹೊಡಿ."

"ಥೂ ನಿನ್ನ! ಈ ವಯಸ್ನಾಗೆ?"

"ಹೊಡೀದಿದ್ರೆ ಟೋಕನ್ ಇಲ್ಲ. ನಡಿ, ವಾಪಸ್ ಹೋಗಾಣ. ಸಕ್ಕರೆ ಸಾರೇ ಉಣ್ಣಾಣ."

ಅಜ್ಜಿ ಹಲ್ಲು ಕಚ್ಚಿ ಬಲಗಣ್ಣು ಹೊಡೆದೇಬಿಟ್ಲು. ಎರಡೂ ಕಣ್ಣು ಕೇಳಿದ್ದ ಫೋನಿಗೆ ಅದು ಗೊತ್ತಾಗಲಿಲ್ಲ. ನನ್ನ ಬೆನ್ನ ಹಿಂದೆ ಇನ್‌ಶರ್ಟ್ ಮಾಡ್ಕೊಂಡು ನಿಂತಿದ್ದ, ಮನೇಲೇ ಟೋಕನ್ ತಗೊಂಡಿದ್ದ ಯಜಮಾನರಿಗೆ ಚೆನ್ನಾಗೇ ಗೊತ್ತಾಯ್ತು! ಮುಖ ಕೆಂಪಗಾಗಿ, "ಸಿಸ್ಟರ್, ನನ್ನ ಬದ್ಲು ಮೊದ್ಲು ಇವ್ರನ್ನ ಬಿಡ್ರಿ" ಅಂದ್ರು. ಸಿಸ್ಟರು ನಗು ತಡೀಲಾರದೆ ಒಳಗೆ ಬಿಟ್ರು.

ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿದ ದಿನ ಅದೇ ಯಜಮಾನ್ರು ಎದುರಿಗೆ ಬಂದು ನಾಚ್ಕೊಂಡು ನಮಸ್ಕಾರ ಹೇಳಿದ್ರು. ಅಜ್ಜಿ ಅವರನ್ನ ಮೇಲಿಂದ ಕೆಳಗೆ ನೋಡಿ ನನ್ನ ಕಿವಿ ಹಿಂಡಿದ್ಲು.

"ಲೇ, ಇವನಿಗೇನೋ ನಾನು ಕಣ್ಣು ಹೊಡೆದಿದ್ದು? ಅವತ್ತೇ ಕಣ್ಣು ಕಂಡಿದ್ರೆ ಹೊಡೀತಾನೇ ಇರ್ಲಿಲ್ಲ!"